ಮಲಗದ ದೊಡ್ಡಪ್ಪ

ಮಾರ್ಚ್ ೪, ಸೋಮವಾರ

ಇವರು ನಿವೃತ್ತರಾಗಿ ಇನ್ನೂ ನಾಲ್ಕು ದಿನ ತುಂಬಿಲ್ಲ, ಆಗಲೇ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಮತ್ತೆ ಕೂಡಿಸಿದ್ದಾರೆ. ಮೊದಲು ತೊಟ್ಟಿಕ್ಕದ ನಲ್ಲಿ ಈಗ ತೊಟ್ಟಿಕ್ಕುತ್ತಿದೆ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಮನೇಲಿ ಕೂತು ಏನು ಮಾಡ್ಲಿ? ಅಂಗಡಿಗೆ ಬರ್ತೀನಿ, ನಿನಗೂ ಒಂದು ಕೈ ಆಗುತ್ತೆ" ಎಂದರು.

ಮನುಷ್ಯ ಕೆಟ್ಟವರಲ್ಲ. ಆದರೆ ಆಯಸ್ಸೆಲ್ಲ ನೀರಿನ ಪಂಪ್‌ಹೌಸಿನಲ್ಲಿ ಕಳೆದವರು. ಕಣ್ಣಿಗೆ ಸ್ವಿಚ್ಚು ಕಂಡರೆ ಕೈ ತಾನಾಗಿ ಹೋಗುತ್ತದೆ. ನಾನು ಓದುತ್ತ ಕೂತಿದ್ದರೂ ದೀಪ ಆರಿಸಿ ಹೋಗುವ ಜಾತಿ.

ಅಂಗಡಿಯ ಬಾಗಿಲಲ್ಲೇ ನಿಲ್ಲಿಸಿ ಪಾಠ ಮಾಡಿದೆ. "ನೋಡಿ, ಇಲ್ಲಿ ಏನು ಬೇಕಾದರೂ ಮುಟ್ಟಿ. ಟ್ರೋಫಿ ಮುಟ್ಟಿ, ಹಿತ್ತಾಳೆ ತಗಡು ಮುಟ್ಟಿ, ಗಿರಾಕಿಗಳ ಜೊತೆ ಹರಟೆ ಹೊಡೀರಿ. ದೊಡ್ಡಪ್ಪನ್ನ ಮಾತ್ರ ಮುಟ್ಟಬೇಡಿ."

ದೊಡ್ಡಪ್ಪ ಎಂದರೆ ನಮ್ಮ ಕಂಪ್ಯೂಟರು. ಒಂದು ಕಾಲಕ್ಕೆ ಬೆಳ್ಳಗಿದ್ದದ್ದು, ಈಗ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿದೆ. ಕೆತ್ತುವ ಯಂತ್ರಕ್ಕೆ ಅದರ ಮಾತು ಬಿಟ್ಟರೆ ಬೇರೆಯವರ ಮಾತು ತಿಳಿಯುವುದಿಲ್ಲ. ಹೊಸ ಕಂಪ್ಯೂಟರುಗಳಿಗೆ ಆ ದಪ್ಪ ತಂತಿ ಸಿಕ್ಕಿಸುವ ಜಾಗವೇ ಇಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿದರೆ ಅಂಗಡಿಯೂ ಕಣ್ಣು ಮುಚ್ಚಿದ ಹಾಗೆ.

"ಯಾವತ್ತೂ ಆಫ್ ಮಾಡಿಲ್ವಾ?" ಇವರು ಕೇಳಿದರು.

"ಯಾವತ್ತೂ ಇಲ್ಲ. ರಿಪೇರಿಯವನು ಹೇಳಿದ್ದ, 'ನಾನು ಒಂದು ಪಾರ್ಟ್ ತರ್ತೀನಿ ಅಕ್ಕಾ, ಬರೋ ತನಕ ಆಫ್ ಮಾಡಬೇಡಿ, ಮಾಡಿದ್ರೆ ಮತ್ತೆ ಆನ್ ಆಗುತ್ತೆ ಅಂತ ಹೇಳೋಕಾಗಲ್ಲ' ಅಂತ."

"ತಂದನಾ?"

"ಇನ್ನೂ ಬಂದಿಲ್ಲ."

"ಯಾವಾಗ ಹೇಳಿದ್ದು?"

"ನಮ್ಮ ಮಗ ಆಗ ಸ್ಕೂಲಿಗೆ ಹೋಗ್ತಿದ್ದ."

ಇವರು ದೊಡ್ಡಪ್ಪನನ್ನೇ ನೋಡುತ್ತ ನಿಂತರು. ಮಗನಿಗೆ ಈಗ ತಲೆಯಲ್ಲಿ ಬಿಳಿ ಕೂದಲು ಬಂದಿದೆ ಎಂದು ನೆನಪಿಸುವ ಧೈರ್ಯ ಮಾಡಲಿಲ್ಲ. "ಯಾವ ಮಷೀನಿಗಾದ್ರೂ ಸ್ವಲ್ಪ ರೆಸ್ಟ್ ಬೇಕಲ್ವಾ?" ಎಂದು ಗೊಣಗಿದರು. ಪಂಪಿನ ಬುದ್ಧಿ ಎಲ್ಲಿ ಹೋಗುತ್ತದೆ?

ಅಂದ ಹಾಗೆ, ದಿನವಿಡೀ ಜನರ ಹೆಸರು ಕೆತ್ತಿ ಕೆತ್ತಿ, ಈ ಡೈರಿ ಹಿಡಿದು ಕೂತಾಗ ಒಬ್ಬರ ಹೆಸರೂ ಬರೆಯಲು ಮನಸ್ಸಾಗುವುದಿಲ್ಲ. ಇವರು ಇವರೇ.

ಮಾರ್ಚ್ ೫, ಮಂಗಳವಾರ

ಸೊಂಟ ನೋವು. "ನೀನು ಮುಂಚೆ ಹೋಗು, ನಾನು ಗುಡಿಸಿ ಬೀಗ ಹಾಕಿ ಬರ್ತೀನಿ" ಎಂದರು. ಬಂದೆ. ಇಷ್ಟು ಬೇಗ ಮನೆಗೆ ಬಂದು ಏನು ಮಾಡಬೇಕೆಂದೇ ತೋಚಲಿಲ್ಲ. ತೊಟ್ಟಿಕ್ಕುವ ನಲ್ಲಿಯನ್ನು ನೋಡುತ್ತ ಕೂತೆ.

ಮಾರ್ಚ್ ೬, ಬುಧವಾರ

ನಿವೃತ್ತಿ ಇವರ ತಲೆಗೆ ಹತ್ತಿರುವ ಹಾಗಿದೆ. ನಿನ್ನೆ ರಾತ್ರಿ ಊಟ ಸೇರಲಿಲ್ಲ. ಮಲಗಿದ ಮೇಲೂ ಆ ಕಡೆ ಈ ಕಡೆ ಹೊರಳಾಟ. ಇನ್ನೂ ಕತ್ತಲಿರುವಾಗಲೇ ಎದ್ದು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು, "ಅಂಗಡಿ ಗುಡಿಸಬೇಕು" ಎಂದು ಓಡಿದರು. ನಿನ್ನೆ ಸಂಜೆ ತಾನೇ ಗುಡಿಸಿದ್ದು!

ವಾಪಸು ಬಂದಾಗ ಮುಖ ಅರಳಿತ್ತು. ತಿಂಡಿಯನ್ನು ಎರಡೆರಡು ಸಲ ಹಾಕಿಸಿಕೊಂಡರು. ಸೀಟಿ ಹಾಕುತ್ತ ಸ್ನಾನಕ್ಕೆ ಹೋದರು. ಒಂದು ಪೊರಕೆ ಮನುಷ್ಯನಿಗೆ ಇಷ್ಟು ಸಂತೋಷ ಕೊಡುತ್ತದೆಂದು ಗೊತ್ತಿದ್ದರೆ ಮದುವೆಯಾದಾಗಲೇ ಒಂದು ಕೊಡಿಸುತ್ತಿದ್ದೆ.

ಮಾರ್ಚ್ ೧೯, ಮಂಗಳವಾರ

ಬರೆಯದೆ ತುಂಬಾ ದಿನವಾಯಿತು. ಕೆಲಸದ ಮೇಲೆ ಕೆಲಸ. ದೊಡ್ಡಪ್ಪನ ಬಗ್ಗೆ ಮಾತ್ರ ಬರೆಯಲೇಬೇಕು. ಮಧ್ಯಾಹ್ನದ ಹೊತ್ತಿಗೆ ಮುನಿಸಿಕೊಂಡು ಪರದೆ ನಿಲ್ಲಿಸಿಬಿಡುತ್ತಿದ್ದವರಿಗೆ ಈಗ ಮುನಿಸೇ ಇಲ್ಲ. ಕರಕರ ಎನ್ನುತ್ತಿದ್ದ ಫ್ಯಾನು ಮೆತ್ತಗಾಗಿದೆ. ಬೆಳಿಗ್ಗೆ ಕೈಯಿಟ್ಟು ನೋಡಿದರೆ ಮೈ ತಣ್ಣಗಿರುತ್ತದೆ. ಇಷ್ಟು ವರ್ಷ ಹೊತ್ತಿಗೆ ಸರಿಯಾಗಿ ಧೂಳು ಒರೆಸಿ, ಒಂದು ಗಳಿಗೆ ಆರಲು ಬಿಡದೆ ನೋಡಿಕೊಂಡಿದ್ದಕ್ಕೆ ಸಿಕ್ಕ ಫಲ. ಇವರಿಗೂ ಅದನ್ನೇ ಹೇಳಿದೆ, "ನೋಡಿದ್ರಾ, ನಿಮ್ಮ ರೆಸ್ಟು ಗಿಸ್ಟು ಏನೂ ಬೇಕಾಗಿಲ್ಲ. ಆರೈಕೆ ಬೇಕು."

"ಹೌದು, ಆರೈಕೆ ಮುಖ್ಯ" ಎಂದರು, ತಲೆ ಎತ್ತದೆ ಟ್ರೋಫಿ ಉಜ್ಜುತ್ತ.

ಇನ್ನೊಂದು. ಮೊದಲೆಲ್ಲ ಕರೆಂಟು ಹೋದಾಗ ನಾನೇ ಅಂಗಡಿಗೆ ಓಡಬೇಕಿತ್ತು. ಯುಪಿಎಸ್ ಸುಸ್ತಾಗುವುದರೊಳಗೆ ಪಕ್ಕದ ಲಾಂಡ್ರಿಯ ಜನರೇಟರಿನಿಂದ ತಂತಿ ಎಳೆಯಬೇಕು. ಮಳೆಯೋ ಜ್ವರವೋ ಅದು ಕೇಳುವುದಿಲ್ಲ. ಈಗ ಇವರೇ ಹೋಗುತ್ತಾರೆ, "ನೀನು ಮಲಗು" ಎಂದು. ಗೇಟಿನ ತನಕ ಹೋಗಿ ಬಂದಷ್ಟು ಹೊತ್ತಿನಲ್ಲಿ ಎಲ್ಲ ಮುಗಿಸಿ ಬರುತ್ತಾರೆ. ಪಂಪ್‌ಹೌಸಿನ ಅನುಭವ, ಒಪ್ಪಿಕೊಳ್ಳಬೇಕು.

ಇವರ ಹಳೆಯ ಖಾಕಿ ಅಂಗಿಯನ್ನು ನೆಲ ಒರೆಸಲು ತೆಗೆದಿಟ್ಟಿದ್ದೆ, ಕಾಣಿಸುತ್ತಿಲ್ಲ.

ಮಾರ್ಚ್ ೨೭, ಬುಧವಾರ

ಇವತ್ತು ಮರ್ಯಾದೆ ಹೋಗುವುದರಲ್ಲಿತ್ತು. ಮಕ್ಕಳ ಚದುರಂಗ ಸ್ಪರ್ಧೆಗೆ ಬಹುಮಾನದ ಕಪ್ಪುಗಳು. ಇಸವಿಯನ್ನು ದೊಡ್ಡಪ್ಪನೇ ತುಂಬಿಸುತ್ತಾರೆ, ನಾನು ಅದರ ಕಡೆ ನೋಡುವುದೂ ಇಲ್ಲ. ಮೊದಲ ಫಲಕ ಕೆತ್ತಿ ಹೊರಬಂದಾಗ ಕನ್ನಡಕ ಹಾಕಿಕೊಂಡು ನೋಡಿದರೆ, ಗೆದ್ದ ಮಗು ಇನ್ನೂ ಹುಟ್ಟೇ ಇರದ ಇಸವಿ! ಅದರ ಅಪ್ಪ ಅಮ್ಮನಿಗೆ ಮದುವೆಯಾಗಿತ್ತೋ ಇಲ್ಲವೋ.

"ರೀ, ದೊಡ್ಡಪ್ಪನಿಗೆ ಮರೆವು ಶುರುವಾಗಿದೆ" ಎಂದೆ. ಹಳಬರಿಗೆ ಮೊದಲು ಹೋಗುವುದು ತಾರೀಖೇ. ಅಪ್ಪನಿಗೂ ಹಾಗೇ ಆಗಿತ್ತು.

ಇವರು ಓಡಿಬಂದು ನೋಡಿದರು. "ಅಯ್ಯೋ, ಬೆಳಿಗ್ಗೆ ಗಡಿಬಿಡೀಲಿ..." ಎಂದವರು ಅಲ್ಲಿಗೇ ನಿಲ್ಲಿಸಿ, ಆ ತಗಡನ್ನು ಕಿತ್ತುಕೊಂಡು, ಸಾಯಂಕಾಲದ ತನಕ ಮೂಲೆಯಲ್ಲಿ ಕೂತು ಉಜ್ಜಿ ಉಜ್ಜಿ ಅಕ್ಷರ ಅಳಿಸಿದರು. ತಾವೇ ತಪ್ಪು ಮಾಡಿದವರ ಹಾಗೆ. ಹೊಸ ತಗಡು ಹಾಕಿದರೆ ಮುಗಿಯುತ್ತಿತ್ತು ಎಂದರೂ ಕೇಳಲಿಲ್ಲ. ಎಷ್ಟಾದರೂ ಮನಸ್ಸು ಒಳ್ಳೆಯದು.

ಏಪ್ರಿಲ್ ೮, ಸೋಮವಾರ

ಅಕ್ಕನ ಫೋನು. ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿದೆ, ಹತ್ತೊಂಬತ್ತನೇ ತಾರೀಖು. ಅವಳ ಎಡಗಣ್ಣು ಹೋಗಿ ಬಹಳ ಕಾಲವಾಯಿತು. ಉಳಿದಿರುವುದು ಇದೊಂದೇ, ಅದೂ ಮಂಜು ಮಂಜು. ಡಾಕ್ಟರು "ನೋಡೋಣ" ಎಂದಿದ್ದಾರಂತೆ. ಡಾಕ್ಟರು ಹಾಗೆಂದರೆ ಯಾರಿಗೆ ಹೆದರಿಕೆಯಾಗುವುದಿಲ್ಲ?

"ಕಟ್ಟು ಬಿಚ್ಚಿದಾಗ ಕಣ್ಣು ಕಂಡರೆ ಮೊದಲು ನಿನ್ನ ಮುಖಾನೇ ನೋಡ್ಬೇಕು ಕಣೇ. ಕಾಣ್ದೆ ಹೋದ್ರೂ ನೀನು ಪಕ್ಕದಲ್ಲಿರ್ಬೇಕು. ಒಂದು ವಾರ ಬಾ" ಎಂದಳು.

ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ನನಗೆ ಉಣ್ಣಿಸಿದ್ದು, ಜಡೆ ಹಾಕಿದ್ದು, ಬಾರಿಸಿದ್ದು ಎಲ್ಲ ಇವಳೇ. ಹೋಗದಿದ್ದರೆ ಹೇಗೆ? ಆದರೆ ಒಂದು ವಾರ! ಅವಳ ಮಗಳ ಮದುವೆಯಲ್ಲೇ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಕರೆಂಟು ಹೋಯಿತೆಂದು ಲಾಂಡ್ರಿಯವರು ಫೋನು ಮಾಡಿ, ಬಸ್ಸು ಹತ್ತಿ ಓಡಿಬಂದವಳು ನಾನು.

"ನೋಡ್ತೀನಿ ಅಕ್ಕಾ" ಎಂದೆ.

ಏಪ್ರಿಲ್ ೧೨, ಶುಕ್ರವಾರ

ಹೋಗಬೇಕು. ಹೋಗಲಾಗದು. ಹೋಗಬೇಕು.

ಇವರು ಹೇಳಿದ್ದು, "ಹೋಗಿ ಬಾ, ನಾನಿದ್ದೀನಲ್ಲ." ಅದೇ ನನ್ನ ಚಿಂತೆ. ಈ ಮನುಷ್ಯನ ಬೆರಳುಗಳನ್ನು ನಂಬಿ ಒಂದು ವಾರ! ನನಗೆ ಇವರ ಮೇಲೆ ನಂಬಿಕೆಯಿಲ್ಲವೆಂದಲ್ಲ. ಇವರ ಅಭ್ಯಾಸದ ಮೇಲೆ ಇಲ್ಲ.

ಆದರೂ ಇವತ್ತು ಒಂದು ಸಂಗತಿ ಗಮನಿಸಿದೆ. ವಕೀಲರೊಬ್ಬರು ಬಂದು ತಮ್ಮ ಹೆಸರಿನ ಫಲಕದಲ್ಲಿ ಹೆಸರಿಗಿಂತ ಪದವಿಗಳೇ ದೊಡ್ಡದಾಗಿರಬೇಕು ಎಂದು ಹಟ ಹಿಡಿದರು. ನಾನಾಗಿದ್ದರೆ ಜಗಳವೇ. ಇವರು ಸಮಾಧಾನವಾಗಿ, "ಆಗ್ಲಿ ಸಾರ್, ಆದ್ರೆ ಕತ್ತಲಲ್ಲಿ ಬಂದ ಕಕ್ಷಿದಾರರು ಪದವಿಯನ್ನ ಕೂಗಿ ಬಾಗಿಲು ತಟ್ಟೋದು ಕಷ್ಟ ಅಲ್ವಾ?" ಎಂದರು. ವಕೀಲರು ನಕ್ಕು ಒಪ್ಪಿಕೊಂಡು ಹೋದರು. ನಾನೂ ನಕ್ಕೆ, ಇವರಿಗೆ ಕಾಣದ ಹಾಗೆ.

ಏಪ್ರಿಲ್ ೧೫, ಸೋಮವಾರ

ಆಗುವುದಿಲ್ಲವೆಂದು ಹೇಳಲು ಅಕ್ಕನಿಗೆ ಫೋನು ಮಾಡಿದೆ. ಬೈಯುತ್ತಾಳೆಂದು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡೇ ಹೇಳಿದೆ. ಅವಳು ಬೈಯಲಿಲ್ಲ. "ಪರವಾಗಿಲ್ಲ ಬಿಡು. ಪಾಪ, ನಿನಗೆ ದೊಡ್ಡಪ್ಪನ್ನ ನೋಡ್ಕೋಬೇಕಲ್ಲ" ಎಂದಳು. ಕೊಂಕು ಕೂಡ ಇರಲಿಲ್ಲ ಮಾತಿನಲ್ಲಿ.

ಹುಟ್ಟಿದಾಗಿನಿಂದ ನನ್ನನ್ನು ಬೈಯುತ್ತ ಬಂದವಳು ಬೈಯದೆ ಫೋನಿಟ್ಟಳು. ಅವಳಿಗೆ ಅಷ್ಟು ಹೆದರಿಕೆಯಾಗಿದೆ.

ಬಸ್ಸಿಗೆ ಟಿಕೆಟು ಮಾಡಿಸಿ ಎಂದು ಇವರಿಗೆ ಹೇಳಿದೆ. ಇವರ ಜೇಬಿನಲ್ಲಿ ಆಗಲೇ ಇತ್ತು.

ಏಪ್ರಿಲ್ ೧೭, ಬುಧವಾರ

ಅಕ್ಕನ ಮನೆ. ಹೊರಡುವ ಮುಂಚೆ ಇವರಿಂದ ಪ್ರಮಾಣ ಮಾಡಿಸಿಕೊಂಡೆ. "ದೊಡ್ಡಪ್ಪನಿಗೆ ಏನೂ ಆಗೋ ಹಾಗೆ ಮಾಡಲ್ಲ" ಎಂದರು. "ಆಫ್ ಮಾಡಲ್ಲ ಅನ್ನಿ" ಎಂದೆ. "ಬಸ್ಸು ಹೊರಟುಹೋಗುತ್ತೆ, ಹತ್ತು" ಎಂದರು.

ರಾತ್ರಿ ಊಟವಾದ ಮೇಲೆ ಅಂಗಡಿಗೆ ಹೋಗಿ ದೊಡ್ಡಪ್ಪನ ಪಕ್ಕ ನಿಂತಿರಿ ಎಂದು ಇವರಿಗೆ ಹೇಳಿಟ್ಟಿದ್ದೆ. ಆ ಹೊತ್ತಿಗೆ ಫೋನು ಮಾಡಿದೆ.

"ಉರೀತಾ ಇದೆಯಾ?"

"ಉರೀತಾ ಇದೆ."

"ಸದ್ದು ಕೇಳಿಸಿ."

ಸ್ವಲ್ಪ ಹೊತ್ತು ಏನೋ ದಡಬಡ. ಆಮೇಲೆ ಫ್ಯಾನಿನ ಸದ್ದು ಕೇಳಿಸಿತು. ಎಂದಿಗಿಂತ ದಪ್ಪವಾಗಿತ್ತು, ಮಧ್ಯೆ ಮಧ್ಯೆ ಟಕ್ ಟಕ್ ಎನ್ನುತ್ತಿತ್ತು. ನಾನಿಲ್ಲದ್ದು ದೊಡ್ಡಪ್ಪನಿಗೆ ಆಗಲೇ ತಿಳಿದಿರಬೇಕು. ಅಕ್ಕ ಮಂಚದ ಮೇಲಿಂದ, "ಗಂಡನಿಗೆ ಊಟ ಆಯ್ತಾ ಅಂತ ಕೇಳಿದೆಯೇನೇ?" ಎಂದಳು. ಕೇಳಿರಲಿಲ್ಲ. ಮತ್ತೆ ಫೋನು ಮಾಡಿ ಕೇಳಿದೆ. ಆಗಿತ್ತಂತೆ.

ಏಪ್ರಿಲ್ ೧೯, ಶುಕ್ರವಾರ

ಆಪರೇಷನ್ ಆಯಿತು. ಕಣ್ಣಿಗೆ ಕಟ್ಟು. ಕೈ ಬಿಡುತ್ತಿಲ್ಲ. ಬರೆಯಲು ಎದ್ದು ಬರಬೇಕಾದರೆ, ಈಗ ಬಂದೆ ಎಂದು ಸುಳ್ಳು ಹೇಳಬೇಕಾಯಿತು.

ಏಪ್ರಿಲ್ ೨೦, ಶನಿವಾರ

ಬಿಚ್ಚಿದರು. ನರ್ಸು ಕಿಟಕಿಯ ಪರದೆ ಎಳೆದು ಬೆಳಕು ಕಡಿಮೆ ಮಾಡಿದಳು. ಡಾಕ್ಟರು "ನಿಧಾನವಾಗಿ ಕಣ್ಣು ತೆಗೀರಿ" ಎಂದರು. ನಾನು ಎದುರಿಗೆ ನಿಂತಿದ್ದೆ. ಅಕ್ಕ ಕಣ್ಣು ತೆರೆದಳು. ನೋಡಿದಳು. ನೋಡುತ್ತಲೇ ಇದ್ದಳು. ನೀರು ಬರುತ್ತಿತ್ತು. ಕಾಣಲಿಲ್ಲವೇನೋ ಎಂದುಕೊಂಡೆ.

"ಥೂ, ಏನೇ ಇದು! ಇಷ್ಟು ಮುದುಕಿ ಯಾವಾಗ ಆದೆ?" ಎಂದಳು.

ಡಾಕ್ಟರ ಮುಂದೆಯೇ ಅತ್ತೆ, ಜೋರಾಗಿ. ಅವಳು ನನ್ನ ಕೆನ್ನೆ, ಹುಬ್ಬು, ಕಿವಿಯ ಹಿಂದಿನ ಬಿಳಿ ಕೂದಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. "ಬರ್ದೇ ಇದ್ದಿದ್ರೆ ಈ ನರ್ಸಮ್ಮನ ಮುಖಾನೇ ಮೊದಲು ನೋಡ್ಬೇಕಿತ್ತು. ಅವಳೇ ಚೆನ್ನಾಗಿದ್ದಾಳೆ, ಅದು ಬೇರೆ ಮಾತು" ಎಂದಳು. ಮತ್ತೆ ಬೈಯಲು ಶುರು ಮಾಡಿದ್ದಾಳೆ. ದೇವರು ದೊಡ್ಡವನು.

ಇವರಿಗೆ ಫೋನು ಮಾಡಿ ಹೇಳಿದಾಗ ಆ ಕಡೆ ಮೂಗು ಒರೆಸಿಕೊಳ್ಳುವ ಸದ್ದು. ಇವರೂ ಅಳುತ್ತಿದ್ದರೇನೋ. ಫೋನು ಇಟ್ಟ ಮೇಲೆ ಹೊಳೆಯಿತು, ದೊಡ್ಡಪ್ಪನನ್ನು ಕೇಳಲು ಮರೆತೇಬಿಟ್ಟಿದ್ದೆ.

ಏಪ್ರಿಲ್ ೨೪, ಬುಧವಾರ

ಇದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಗುರುವಾರ ಬರುತ್ತೇನೆ ಎಂದಿದ್ದವಳು ಒಂದು ದಿನ ಮುಂಚೆಯೇ ಹೊರಟುಬಂದೆ, ಇವರಿಗೆ ಹೇಳದೆ. ಬಸ್ಸು ಇಳಿದಾಗ ಸಂಜೆ. ಮೊದಲು ಮನೆಗೆ ಹೋಗಬೇಕಿತ್ತು, ಕಾಲು ಅಂಗಡಿಗೇ ಹೋಯಿತು. ಇವರು ಬೀಗ ಹಾಕಿ ಹೋಗಿದ್ದರು. ನನ್ನ ಬೀಗದ ಕೈಯಿಂದ ತೆಗೆದು ಶಟರ್ ಎತ್ತಿದೆ.

ಒಳಗೆ ಕತ್ತಲು. ಸದ್ದಿಲ್ಲ. ಆ ಅಂಗಡಿಯಲ್ಲಿ ನಿಶ್ಶಬ್ದ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ದೊಡ್ಡಪ್ಪ ಹೋದರು ಎಂದುಕೊಂಡೆ. ಬ್ಯಾಗನ್ನು ಅಲ್ಲೇ ಬಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಂಥವರ ಕೈಗೆ ಒಪ್ಪಿಸಿ ಹೋದೆನಲ್ಲ ಎಂದು ನನ್ನನ್ನೂ ಇವರನ್ನೂ ಇವರ ಪಂಪ್‌ಹೌಸನ್ನೂ ಬೈದೆ.

ಆಮೇಲೆ ದೀಪ ಹಾಕಿದೆ. ದೊಡ್ಡಪ್ಪನ ಮೇಲೆ ಇವರ ಖಾಕಿ ಅಂಗಿ ಹೊದಿಸಿತ್ತು. ನೆಲ ಒರೆಸಲು ನಾನು ಎತ್ತಿಟ್ಟಿದ್ದ ಅದೇ ಅಂಗಿ. ಒಗೆದು, ಇಸ್ತ್ರಿ ಮಾಡಿ, ಧೂಳು ಹೋಗದ ಹಾಗೆ ತೋಳುಗಳನ್ನು ಹಿಂದಕ್ಕೆ ಮಡಿಸಿ ಹೊದಿಸಿದ್ದರು. ಸತ್ತುಹೋದದ್ದಕ್ಕೆ ಯಾರೂ ಇಷ್ಟು ಉಪಚಾರ ಮಾಡುವುದಿಲ್ಲ.

ಅಂಗಿ ತೆಗೆದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಒತ್ತಿದೆ. ಒಂದು ಸಲ ಗೊರ್ ಎಂದು ದೊಡ್ಡಪ್ಪ ಎದ್ದರು. ಒಳ್ಳೆ ನಿದ್ದೆ ಮಾಡಿದವರ ಹಾಗೆ. ಎದ್ದವರೇ ಇವತ್ತು ತಾರೀಖು ಎಷ್ಟು ಎಂದು ಕೇಳಿದರು. ಆಫ್ ಮಾಡಿದರೆ ಅವರಿಗೆ ತಾರೀಖು ಮರೆತುಹೋಗುತ್ತದೆ. ದಿನಾ ಬೆಳಿಗ್ಗೆ ಯಾರಾದರೂ ಹೇಳಿಕೊಡಬೇಕು.

ಆಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಆ ಮೊದಲ ರಾತ್ರಿಯ ಹೊರಳಾಟ, ಕತ್ತಲಲ್ಲಿ ಗುಡಿಸಲು ಓಡಿದ್ದು, ಎರಡೆರಡು ಸಲ ತಿಂಡಿ, ಚದುರಂಗದ ಕಪ್ಪು. ಈ ಮಹಾನುಭಾವರು ಮಾರ್ಚಿನಿಂದ ದಿನಾ ಸಂಜೆ ಆಫ್ ಮಾಡುತ್ತಿದ್ದಾರೆ, ದಿನಾ ಬೆಳಿಗ್ಗೆ ನನಗಿಂತ ಮೊದಲು ಬಂದು ಆನ್ ಮಾಡುತ್ತಿದ್ದಾರೆ. ನನ್ನ ಆರೈಕೆಯಂತೆ ಆರೈಕೆ!

ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ದುಃಖ ಬಂತು. ಒಂದು ಸಲ ಒತ್ತಿ ನೋಡಿದ್ದರೆ ಸಾಕಿತ್ತು. ಅಕ್ಕನ ಮಗಳ ಮದುವೆಯ ಊಟ ಮಾಡಬಹುದಿತ್ತು. ಅಕ್ಕನ ಕಣ್ಣಿಗೆ ಮಂಜು ಕವಿಯುವ ಮೊದಲೇ ಹೋಗಿ ಎದುರಿಗೆ ಕೂರಬಹುದಿತ್ತು. ಬಾರದ ರಿಪೇರಿಯವನಿಗಾಗಿ ಕಾದೆ.

ದೊಡ್ಡಪ್ಪನನ್ನು ನಾನೇ ಆಫ್ ಮಾಡಿದೆ. ಅಂಗಿಯನ್ನು ಹಾಗೆಯೇ ಹೊದಿಸಿ, ತೋಳು ಮಡಿಸಿ, ಬೀಗ ಹಾಕಿ ಮನೆಗೆ ಬಂದೆ.

ಇವರು ಬಾಗಿಲು ತೆಗೆದು ಗಾಬರಿಯಾದರು. ಕೋಣೆಯಲ್ಲಿ ನಮ್ಮ ಹಳೆಯ ಟೇಬಲ್ ಫ್ಯಾನು ತಿರುಗುತ್ತಿತ್ತು. ದಪ್ಪ ಸದ್ದು, ಮಧ್ಯೆ ಮಧ್ಯೆ ಟಕ್ ಟಕ್. ಅದರ ಪಕ್ಕದಲ್ಲಿ ಇವರ ಫೋನು ಸಿದ್ಧವಾಗಿತ್ತು.

"ದೊಡ್ಡಪ್ಪ ಹೇಗಿದ್ದಾರೆ?" ಎಂದೆ.

"ಚೆನ್ನಾಗಿದ್ದಾರೆ. ಏನೂ ತೊಂದರೆ ಇಲ್ಲ."

"ಒಂದು ದಿನಾನೂ ಆಫ್ ಆಗಿಲ್ಲ ತಾನೇ?"

"ಊಟ ಬಡಿಸ್ಲಾ? ಬಿಸಿ ಇದೆ" ಎಂದರು. ಹೌದು, ಈ ಮನುಷ್ಯ ಒಂದೇ ಒಂದು ಸಲವೂ ನನಗೆ ನೇರವಾಗಿ ಆಫ್ ಮಾಡಲ್ಲ ಎಂದಿಲ್ಲ. ಈಗ ಗಮನಕ್ಕೆ ಬರುತ್ತಿದೆ.

ಏಪ್ರಿಲ್ ೨೫, ಗುರುವಾರ

ಇವತ್ತು ಬೆಳಿಗ್ಗೆ ಇವರು "ಗುಡಿಸೋಕೆ" ಹೊರಟಾಗ ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಅಂಗಡಿಗೆ ಹೋದಾಗ ದೊಡ್ಡಪ್ಪ ಉರಿಯುತ್ತಿದ್ದರು, ತಾರೀಖು ಸರಿಯಾಗಿತ್ತು, ಅಂಗಿ ಮಾಯವಾಗಿತ್ತು. ದಿನವಿಡೀ ಏನೂ ಹೇಳಲಿಲ್ಲ. "ಎಷ್ಟು ಚೆನ್ನಾಗಿ ನಡೀತಿದೆ ನೋಡಿ, ಒಂದು ಗಳಿಗೆ ಆರದೆ" ಎಂದು ಎರಡು ಸಲ ಚುಚ್ಚಿದೆ. ಇವರು ಟ್ರೋಫಿಯನ್ನು ಉಜ್ಜಿದ್ದೇ ಉಜ್ಜಿದ್ದು.

ಸಂಜೆ, "ನೀನು ಹೋಗು, ನಾನು ಬೀಗ ಹಾಕಿ ಬರ್ತೀನಿ" ಎಂದರು. ಹೊರಟೆ. ಲಾಂಡ್ರಿಯ ಮುಂದೆ ನಿಂತೆ. ಗಾಜಿನೊಳಗೆ ದೊಡ್ಡಪ್ಪನ ಪರದೆಯ ನೀಲಿ ಬೆಳಕು ಆರಿತು. ಶಟರ್ ಕೆಳಗೆ ಬಂತು. ಇವರು ತಿರುಗಿದರೆ ಎದುರಿಗೆ ನಾನು.

"ಏನು, ಇನ್ನೂ ಹೋಗಿಲ್ವಾ?"

"ನೀವು ದೊಡ್ಡಪ್ಪನ್ನ ಮಲಗಿಸಿ ಬರ್ಲಿ ಅಂತ ನಿಂತಿದ್ದೆ."

ಇವರು ಹಾಕಿದ ಬೀಗವನ್ನೇ ಮತ್ತೆ ಎಳೆದು ನೋಡಿದರು. ಆಮೇಲೆ, "ಮೊದಲನೇ ದಿನ ಅಭ್ಯಾಸದಲ್ಲಿ ಕೈ ಹೋಗ್ಬಿಡ್ತು ಕಣೇ. ಆವತ್ತು ಸತ್ತೇ ಹೋದೆ ಅಂದ್ಕೊಂಡೆ. ಬೆಳಿಗ್ಗೆ ಒತ್ತಿದ್ರೆ ಆನ್ ಆಯ್ತು. ಹೇಳೋಣ ಅಂತ ದಿನಾ ಅಂದ್ಕೋತಿದ್ದೆ. ಇಷ್ಟು ವರ್ಷ ನೋಡ್ಕೊಂಡೆ ಅಂತ ನೀನು ಅಷ್ಟು ಹೆಮ್ಮೆಯಿಂದ ಹೇಳ್ತಿದ್ದೆ... ಬಾಯಿ ಬರ್ಲಿಲ್ಲ" ಎಂದರು.

ಬೈಯಬೇಕೆಂದು ನಿನ್ನೆಯಿಂದ ಒಳ್ಳೊಳ್ಳೆ ಮಾತುಗಳನ್ನು ಕೂಡಿಸಿಟ್ಟಿದ್ದೆ. ಒಂದೂ ನೆನಪಿಗೆ ಬರಲಿಲ್ಲ.

"ಮುಂದಿನ ತಿಂಗಳು ಅಕ್ಕನ ಕಣ್ಣು ತೋರಿಸೋಕೆ ಹೋಗ್ಬೇಕು. ನೀವೂ ಬನ್ನಿ" ಎಂದೆ.

"ಅಂಗಡಿ?"

"ಮುಚ್ಚೋಣ."

ಮನೆಯ ಗೇಟಿನ ಹತ್ತಿರ, ಆ ಖಾಕಿ ಅಂಗಿಯ ಬದಲು ಬೇರೆ ಹೊದಿಕೆ ಹೊಲಿದುಕೊಡುತ್ತೇನೆ ಎಂದೆ. ಬೇಡ, ಅದೇ ಇರಲಿ ಎಂದರು.

ಇದನ್ನು ಬರೆಯುತ್ತಿರುವಾಗಲೇ ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿಕೊಂಡು ಬರೆಯುತ್ತಿದ್ದೇನೆ. ಕತ್ತಲಾದ ಕೂಡಲೇ ಇವರು ನನ್ನ ಕಡೆ ತಿರುಗಿದರು, ನಾನು ಇವರ ಕಡೆ ತಿರುಗಿದೆ. ಯಾರೂ ಏಳಲಿಲ್ಲ.